ತಿಪ್ಪೆಯಲ್ಲಿ ಕಳೆದುಹೋಗುವ ಸಾರಜನಕ

ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬಿನ ತರಗು, ಸಗಣಿ, ಗಂಜಲ, ರೇಷ್ಮೆಹುಳುವಿನ ಹಿಕ್ಕೆ ಇವೆಲ್ಲ ಹೇರಳವಾಗಿದ್ದರೂ, ತಿಪ್ಪೆ ಸೇರಿದ ಸಾರಜನಕದ ಗಣನೀಯ ಪಾಲು ಗದ್ದೆಗೆ ಮರಳುವ ಮುನ್ನವೇ ಕಳೆದುಹೋಗುತ್ತದೆ. ಅದನ್ನು ಕಳೆಯುವುದೂ ಉಳಿಸುವುದೂ ಬ್ಯಾಕ್ಟೀರಿಯಗಳೇ.

ಗಂಜಲದ ಯೂರಿಯವನ್ನು ಕೆಲವು ಬ್ಯಾಕ್ಟೀರಿಯಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದಾಗ ಅಮೋನಿಯ ಹುಟ್ಟುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಇದರದೇ. ಹಾರಿಹೋಗದೆ ಉಳಿದ ಅಮೋನಿಯ ಗಾಳಿಯಾಡುವ ಕಡೆ ನೈಟ್ರೇಟ್ ಆಗುತ್ತದೆ. ಇದು ಜೀವಿಗಳ ಕೆಲಸವೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ತೋರಿಸಿದರು: ಮರಳಿನ ಮೂಲಕ ಇಳಿಸಿದ ಚರಂಡಿ ನೀರಿನಲ್ಲಿ ಮೂಡುತ್ತಿದ್ದ ನೈಟ್ರೇಟ್, ಕ್ಲೋರೋಫಾರಂ ಆವಿ ಹಾಯಿಸಿದಾಗ ನಿಂತುಹೋಯಿತು. 1890ರ ಸುಮಾರಿಗೆ ರಷ್ಯಾದ ವಿನೋಗ್ರಾಡ್‌ಸ್ಕಿ ಆ ಜೀವಿಗಳನ್ನೇ ಬೇರ್ಪಡಿಸಿ, ಅವು ಸಾವಯವ ಆಹಾರವಿಲ್ಲದೆ ಅಮೋನಿಯವನ್ನು ಉತ್ಕರ್ಷಿಸಿ ಪಡೆದ ಶಕ್ತಿಯಿಂದಲೇ ಬದುಕುತ್ತವೆಂದು ತಿಳಿಸಿದ್ದು ಜೀವವಿಜ್ಞಾನದ ಅತ್ಯಂತ ಸುಂದರ ಶೋಧಗಳಲ್ಲಿ ಒಂದು.

ನಷ್ಟದ ಮುಖ್ಯ ದಾರಿಯೊಂದು ಇಲ್ಲಿಂದಲೇ ತೆರೆಯುತ್ತದೆ. ಮಳೆಗಾಲದಲ್ಲಿ ತೆರೆದ ತಿಪ್ಪೆಯ ಹೊರಪದರದಲ್ಲಿ ಉಂಟಾದ ನೈಟ್ರೇಟ್ ನೀರಿನೊಡನೆ ಒಳಗಿಳಿದಾಗ, ಅಲ್ಲಿ ಆಮ್ಲಜನಕವಿಲ್ಲದ ಬ್ಯಾಕ್ಟೀರಿಯಗಳು ಅದರ ಬದಲಿಗೆ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ ಸಾರಜನಕವನ್ನು ಅನಿಲವಾಗಿಸಿಬಿಡುತ್ತವೆ; ಇದಕ್ಕೆ ಡಿನೈಟ್ರೀಕರಣವೆಂದು ಹೆಸರು. ಇನ್ನೊಂದು ಪಾಲು ಕೆಳಗೆ ಬಸಿದು ಅಂತರ್ಜಲ ಸೇರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯ ಜಾಣ್ಮೆ ಇಲ್ಲಿ ಸ್ಪಷ್ಟವಾಗುತ್ತದೆ. ಆಲ್ಬರ್ಟ್ ಹೋವಾರ್ಡ್ ಅವರ ಇಂದೋರ್ ಪದ್ಧತಿಯಲ್ಲಿ ಗೊಬ್ಬರವನ್ನು ಆಗಾಗ ಮಗುಚಿ ಗಾಳಿಯಾಡಿಸಿದರೆ, ಇಲ್ಲಿ ಗುಂಡಿಗೆ ಕಸ ಮತ್ತು ಮಲವನ್ನು ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಬಿಡುತ್ತಾರೆ. ಗಾಳಿಯಿಲ್ಲದೆ ನೈಟ್ರೇಟ್ ಆಗುವುದಿಲ್ಲ, ನೈಟ್ರೇಟ್ ಇಲ್ಲದೆ ಡಿನೈಟ್ರೀಕರಣವೂ ನಡೆಯುವುದಿಲ್ಲ. ಮಾಗಲು ಆರೆಂಟು ತಿಂಗಳು ಹಿಡಿದರೂ ಸಾರಜನಕ ಹೆಚ್ಚು ಉಳಿಯುತ್ತದೆ.

ಸಗಣಿಯ ಜೊತೆಗೆ ತರಗು ಸೇರಿಸಬೇಕಾದ ಕಾರಣವೂ ಇದಕ್ಕೆ ಹತ್ತಿರದ್ದೇ. ತರಗಿನಲ್ಲಿ ಸಾರಜನಕಕ್ಕಿಂತ ಇಂಗಾಲ ಸುಮಾರು 100 ಪಟ್ಟು, ಸಗಣಿಯಲ್ಲಿ 20ರಿಂದ 25 ಪಟ್ಟು. ಬೆರೆತು 30ರ ಆಸುಪಾಸಿಗೆ ಬಂದಾಗ, ಇಂಗಾಲ ತಿಂದು ಬೆಳೆಯುವ ಬ್ಯಾಕ್ಟೀರಿಯಗಳು ಅಮೋನಿಯವನ್ನು ತಮ್ಮ ಪ್ರೋಟೀನುಗಳಲ್ಲಿ ಕಟ್ಟಿಕೊಳ್ಳುತ್ತವೆ. ಗದ್ದೆಯಲ್ಲಿ ತರಗಿಗೆ ಬೆಂಕಿಯಿಟ್ಟರೆ ಆ ಇಂಗಾಲವೂ ಅದರೊಳಗಿನ ಸಾರಜನಕವೂ ಹೊಗೆಯಾಗುತ್ತವೆ. ಈ ಹದವನ್ನೇ ನೋಡದೆ ಬಾಟಲಿಯ ಸೂಕ್ಷ್ಮಜೀವಿ ದ್ರಾವಣವನ್ನು ಸಿಂಪಡಿಸಿದರೆ ಪವಾಡ ನಡೆಯುತ್ತದೆಂಬ ಜಾಹೀರಾತುಗಳನ್ನು ನಂಬಲಾಗದು, ಏಕೆಂದರೆ ಬೇಕಾದ ಜೀವಿಗಳು ಸಗಣಿಯಲ್ಲಿಯೇ ಕೋಟಿಗಟ್ಟಲೆ ಇವೆ.

ಮುಚ್ಚಿದ ಗುಂಡಿಯಲ್ಲಿ ಮೀಥೇನ್ ಹುಟ್ಟುವುದು ನಿಜ. ಗೋಬರ್ ಅನಿಲ ಘಟಕ ಅದನ್ನು ಒಲೆಗೆ ಒದಗಿಸುತ್ತದೆ. ಅಲ್ಲಿಂದ ಬರುವ ಬಗ್ಗಡದಲ್ಲಿ ಸಾರಜನಕದ ಗಣನೀಯ ಭಾಗ ಅಮೋನಿಯಂ ರೂಪದಲ್ಲಿರುವುದರಿಂದ, ಬಿಸಿಲಿಗೆ ಒಣಗಲು ಬಿಡದೆ ಕೂಡಲೇ ಮಣ್ಣಿಗೆ ಬೆರೆಸಬೇಕಾಗುತ್ತದೆ.