ಎರಕದ ಮೇಲಿನ ಹೆಸರು

ಮೋಟಾರು ಯಂತ್ರಕ್ಕೂ ಉಸಿರಾಟವುಂಟು. ಕಾರ್ಬ್ಯುರೇಟರಿನಲ್ಲಿ ಬೆರೆತ ಗಾಳಿಯನ್ನೂ ಪೆಟ್ರೋಲನ್ನೂ ಸಿಲಿಂಡರುಗಳಿಗೆ ಹಂಚುವ ಕವಲುಗೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ಅಮೆರಿಕದ ಲಾಸ್ ಏಂಜಲೀಸ್ ಪ್ರಾಂತದಲ್ಲಿ ಗ್ಯಾರೇಜು ನಡೆಸುತ್ತಿದ್ದ ವಿಕ್ ಎಡೆಲ್‌ಬ್ರಾಕ್ ಎಂಬವರು ತಮ್ಮ 1932ರ ಫೋರ್ಡ್ ಕಾರಿನ ವೇಗವರ್ಧನೆಗಾಗಿ ಎರಡು ಕಾರ್ಬ್ಯುರೇಟರುಗಳನ್ನು ಹೊರುವ ಮ್ಯಾನಿಫೋಲ್ಡನ್ನು ರೂಪಿಸಿದರು. ಕಂಡವರು ತಮಗೂ ಬೇಕೆಂದರು. 1938ರಲ್ಲಿ ಮೊದಲಾದ ಉದ್ಯಮವು ಈ ಬೇಡಿಕೆಯಿಂದಲೇ ಬೆಳೆಯಿತು.

1962ರಲ್ಲಿ ಅವರು ಕಾಲವಶರಾದಾಗ ಸಂಸ್ಥೆಯ ಭಾರವು ಇಪ್ಪತ್ತಾರರ ಹರೆಯದ ಮಗನ ಹೆಗಲೇರಿತು. ತಂದೆಯ ಹೆಸರನ್ನೇ ಪಡೆದಿದ್ದ ಆತನಿಗೆ ಪಿತ್ರಾರ್ಜಿತವಾಗಿ ದೊರೆತುದು ಯಂತ್ರಶಾಲೆಯಷ್ಟೇ ಅಲ್ಲ, ಗಿರಾಕಿಗಳ ನಂಬಿಕೆ. ಪ್ರತಿಯೊಂದು ಎರಕದ ಮೇಲೆಯೂ ಮನೆತನದ ಹೆಸರು ಮೂಡಿರುವಾಗ, ಒಂದು ಬಿಡಿಭಾಗವು ಕೆಟ್ಟರೆ ಮನೆಯ ಮಾನವೇ ಕೆಟ್ಟಂತೆ. ಆ ಹೊಣೆಯನ್ನರಿತು ಮಗನು ದಶಕಗಳ ಕಾಲ ಉದ್ಯಮವನ್ನು ಬೆಳೆಸಿದನು. 2010ರಲ್ಲಿ ಅದರ ಒಡೆತನದ ಬಹುಪಾಲು ಪರರ ಕೈಸೇರಿತು. ಒಡೆತನವನ್ನು ಮಾರಬಹುದು, ಹೆಸರಿನ ಹಿಂದಿರುವ ನಂಬಿಕೆಯನ್ನಾದರೋ ದುಡಿದೇ ಗಳಿಸಬೇಕು.