ಸೀಳಿನಲ್ಲಿ ಓಡುವ ಕಾರುಗಳ ಪಂದ್ಯ

ಚುಕ್ಕಾಣಿಯಿಲ್ಲದ ಕಾರನ್ನು ಓಡಿಸಿ ಪಂದ್ಯ ಗೆಲ್ಲುವುದು ಸಾಧ್ಯವೇ? ಎಡಕ್ಕಾಗಲಿ ಬಲಕ್ಕಾಗಲಿ ತಿರುಗಿಸುವ ಅಧಿಕಾರ ನಮಗಿಲ್ಲ. ದಾರಿಯನ್ನು ಮೊದಲೇ ಕೊರೆದಿಟ್ಟಿದೆ. ಕಾರು ಆ ದಾರಿಯಲ್ಲಿಯೇ ಹೋಗತಕ್ಕದ್ದು. ಹೀಗಿರುವಾಗ ಒಬ್ಬನು ಗೆಲ್ಲುವುದೇಕೆ, ಮತ್ತೊಬ್ಬನು ಸೋಲುವುದೇಕೆ? ಸ್ಲಾಟ್ ಕಾರುಗಳ ಪಂದ್ಯವನ್ನು ಮೊದಲ ಬಾರಿಗೆ ನೋಡುವವರಲ್ಲಿ ಸಹಜವಾಗಿ ಏಳುವ ಪ್ರಶ್ನೆಯಿದು. ಗೆಳೆಯರೊಡನೆ ಒಂದು ಸಂಜೆ ಆಡಿದವರಿಗೆ ಈ ಪ್ರಶ್ನೆ ಉಳಿಯುವುದಿಲ್ಲ; ಅದರ ಸ್ಥಾನದಲ್ಲಿ ಭೌತಶಾಸ್ತ್ರಕ್ಕೆ ಸೇರಿದ ಬೇರೆ ಹತ್ತಾರು ಪ್ರಶ್ನೆಗಳು ಹುಟ್ಟಿಕೊಳ್ಳುತ್ತವೆ.

ಸ್ಲಾಟ್ ಎಂದರೆ ಸೀಳು. ಮೇಜಿನ ಮೇಲೋ ನೆಲದ ಮೇಲೋ ಜೋಡಿಸಿದ ಪ್ಲಾಸ್ಟಿಕ್ಕಿನ ಅಥವಾ ಮರದ ದಾರಿಯಲ್ಲಿ ಉದ್ದಕ್ಕೂ ಕಿರಿದಾದ ಸೀಳುಗಳಿರುತ್ತವೆ. ಒಂದೊಂದು ಕಾರಿಗೆ ಒಂದೊಂದು ಸೀಳು. ಸೀಳಿನ ಇಕ್ಕೆಲಗಳಲ್ಲಿ ಲೋಹದ ಎರಡು ಪಟ್ಟಿಗಳನ್ನು ಹಾಸಿರುತ್ತಾರೆ. ಕಾರಿನ ಮುಂಭಾಗದ ಅಡಿಯಲ್ಲಿ ನಾಲಗೆಯಂಥ ಪುಟ್ಟದೊಂದು ತುಂಡು ಸೀಳಿನೊಳಕ್ಕೆ ಇಳಿದಿರುತ್ತದೆ. ಅದರ ಎರಡು ಪಕ್ಕಗಳಲ್ಲಿ ತಾಮ್ರದ ಎಳೆಗಳಿಂದ ಹೆಣೆದ ಜಡೆಗಳು ಪಟ್ಟಿಗಳನ್ನು ಸವರಿಕೊಂಡು ಹೋಗುತ್ತವೆ. ವಿದ್ಯುತ್ ಪ್ರವಾಹವು ಒಂದು ಪಟ್ಟಿಯಿಂದ ಒಂದು ಜಡೆಯ ಮೂಲಕ ಕಾರಿನೊಳಗಿನ ಮೋಟಾರನ್ನು ಹೊಕ್ಕು, ಇನ್ನೊಂದು ಜಡೆಯ ಮೂಲಕ ಇನ್ನೊಂದು ಪಟ್ಟಿಗೆ ಹಿಂದಿರುಗುವುದು. ಹೆಚ್ಚು ಬಳಕೆಯಲ್ಲಿರುವ ಕಾರುಗಳು ನಿಜವಾದ ಕಾರಿನ 32ರಲ್ಲಿ ಒಂದು ಪಾಲಿನಷ್ಟಿವೆ. ಎಂದರೆ ನಾಲ್ಕೂವರೆ ಮೀಟರ್ ಉದ್ದದ ಕಾರು ಇಲ್ಲಿ 14 ಸೆಂಟಿಮೀಟರಾಗಿ ಅಂಗೈಯಲ್ಲಿ ಕೂರುತ್ತದೆ. ಪ್ರವಾಹದ ಒತ್ತಡ ಸಾಮಾನ್ಯವಾಗಿ 12 ವೋಲ್ಟ್ ಆಸುಪಾಸಿನಲ್ಲಿರುವುದರಿಂದ ಪಟ್ಟಿಗಳನ್ನು ಮುಟ್ಟಿದರೂ ಅಪಾಯವಿಲ್ಲ. ಮನೆಯ ವಿದ್ಯುತ್ತನ್ನು ಈ ಮಟ್ಟಕ್ಕೆ ಇಳಿಸುವ ಪೆಟ್ಟಿಗೆಯನ್ನು ಮಾತ್ರ ಕೊಂಡು ತರಬೇಕೇ ಹೊರತು ಸ್ವಂತವಾಗಿ ಮಾಡಲು ಹೊರಡಬಾರದು.

ಅಮೆರಿಕದಲ್ಲಿ ಆಟಿಕೆ ರೈಲುಗಳಿಗೆ ಹೆಸರಾಗಿದ್ದ ಲಯನೆಲ್ ಕಂಪೆನಿಯು 1912ರಲ್ಲಿಯೇ ಇಂಥ ವಿದ್ಯುತ್ ಕಾರುಗಳನ್ನು ಮಾರಾಟಕ್ಕೆ ತಂದಿತ್ತು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಆಟವು ಮನೆಮನೆಗೆ ಹೊಕ್ಕುದು ಇಂಗ್ಲೆಂಡಿನಿಂದ. ಅಲ್ಲಿ ಫ್ರೆಡ್ ಫ್ರಾನ್ಸಿಸ್ ಎಂಬವರು ಸ್ಪ್ರಿಂಗಿನ ಬಲದಿಂದ ಓಡುವ ತಗಡಿನ ಕಾರುಗಳನ್ನು 1952ರಿಂದ 'ಸ್ಕೇಲೆಕ್ಸ್' ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದರು. ಅವುಗಳ ಮೇಲಿನ ಮೋಹ ತಗ್ಗಿದಾಗ ಅವರು ಕಾರಿಗೆ ವಿದ್ಯುನ್ಮೋಟಾರನ್ನು ಕೂಡಿಸಿ, 'ಸ್ಕೇಲೆಕ್ಸ್' ಮತ್ತು 'ಎಲೆಕ್ಟ್ರಿಕ್' ಎಂಬ ಎರಡು ಪದಗಳನ್ನು ಬೆಸೆದು 'ಸ್ಕೇಲೆಕ್ಸ್‌ಟ್ರಿಕ್' ಎಂದು ಹೆಸರಿಟ್ಟು, 1957ರಲ್ಲಿ ಹ್ಯಾರೋಗೇಟ್ ನಗರದ ಆಟಿಕೆಗಳ ಮೇಳದಲ್ಲಿ ಪ್ರದರ್ಶಿಸಿದರು. ಮೊದಮೊದಲು ಆಟಗಾರನ ಬಳಿ ಇದ್ದುದು ಪ್ರವಾಹವನ್ನು ಹರಿಸುವ, ತಡೆಯುವ ಗುಂಡಿ ಮಾತ್ರ. ವೇಗವನ್ನು ಏರಿಸಿ ಇಳಿಸಬಲ್ಲ ಹಿಡಿಯು ಬಂದುದು ಆಮೇಲೆ. ಆಟವು ನಿಜವಾಗಿ ಆಟವಾದುದು ಆಗಲೇ.

ಈ ಹಿಡಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅದು ಪಿಸ್ತೂಲಿನ ಆಕಾರದಲ್ಲಿದ್ದು, ಬೆರಳಿನಿಂದ ಒತ್ತುವ ಒಂದು ಕುದುರೆಯನ್ನು ಹೊಂದಿರುತ್ತದೆ. ಹಳೆಯ ಮಾದರಿಯ ಹಿಡಿಯೊಳಗಿರುವುದು ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವೆಲ್ಲರೂ ಜಾರಿಸಿ ನೋಡಿರುವ ರಿಯೋಸ್ಟಾಟಿನ ಕಿರಿಯ ತಮ್ಮನೇ. ಕುದುರೆಯನ್ನು ಒತ್ತಿದಂತೆ ರೋಧ ಕಡಿಮೆಯಾಗಿ ಮೋಟಾರಿಗೆ ಹೆಚ್ಚು ಪ್ರವಾಹ ಹರಿಯುವುದು. ಇದರಲ್ಲಿ ಸೋಜಿಗವೇನೂ ಇಲ್ಲ. ಸೋಜಿಗವಿರುವುದು ಕುದುರೆಯನ್ನು ಪೂರ್ತಿಯಾಗಿ ಬಿಟ್ಟಾಗ. ಕಾರು ಮೆಲ್ಲಮೆಲ್ಲನೆ ನಿಲ್ಲುವ ಬದಲು, ಯಾರೋ ಬ್ರೇಕನ್ನು ತುಳಿದಂತೆ ಥಟ್ಟನೆ ನಿಧಾನವಾಗುತ್ತದೆ. ಕಾರಿನಲ್ಲಿ ಬ್ರೇಕೇ ಇಲ್ಲವಲ್ಲ!

ಇದಕ್ಕೆ ಉತ್ತರ ಮೋಟಾರಿನ ಇಮ್ಮುಖ ಸ್ವಭಾವದಲ್ಲಿದೆ. ಅಯಸ್ಕಾಂತದ ನಡುವೆ ತಂತಿಯ ಸುರುಳಿಯು ತಿರುಗುತ್ತಿರುವಾಗ, ಅದನ್ನು ತಿರುಗಿಸುತ್ತಿರುವುದು ಯಾವುದೇ ಆಗಿರಲಿ, ಅದರಲ್ಲಿ ವಿದ್ಯುತ್ತು ಹುಟ್ಟಲೇಬೇಕು. ಪ್ರವಾಹವನ್ನು ಕಡಿದ ಮೇಲೆಯೂ ಓಡುತ್ತಿರುವ ಕಾರಿನ ಚಕ್ರಗಳು ಸುರುಳಿಯನ್ನು ತಿರುಗಿಸುತ್ತಿರುತ್ತವೆ; ಆ ಗಳಿಗೆಯಲ್ಲಿ ಮೋಟಾರು ಡೈನಮೋ ಆಗಿಬಿಟ್ಟಿದೆ. ಕುದುರೆಯನ್ನು ಬಿಟ್ಟೊಡನೆ ಹಿಡಿಯು ಎರಡು ಪಟ್ಟಿಗಳನ್ನೂ ಒಂದಕ್ಕೊಂದು ನೇರವಾಗಿ ಸೇರಿಸುವಂತೆ ರಚನೆ ಮಾಡಿರುತ್ತಾರೆ. ಹೀಗೆ ಮಂಡಲವು ಪೂರ್ಣವಾದುದರಿಂದ ಡೈನಮೋವಿನಲ್ಲಿ ಹುಟ್ಟಿದ ಪ್ರವಾಹ ಹರಿಯುತ್ತದೆ. ಲೆಂಜನ ನಿಯಮದಂತೆ ಆ ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುವುದು. ಪಾಠದಲ್ಲಿ ಉರುಹೊಡೆದ ನಿಯಮವನ್ನು ಬೆರಳ ತುದಿಯಲ್ಲಿ ಅನುಭವಿಸುವ ಇಷ್ಟು ಸುಲಭವಾದ ಸಂದರ್ಭ ಬೇರೊಂದು ಇರಲಾರದು.

ಈಗ ತಿರುವಿಗೆ ಬರೋಣ. ಪಂದ್ಯದ ಸೋಲು ಗೆಲವುಗಳೆಲ್ಲ ತೀರ್ಮಾನವಾಗುವುದು ಅಲ್ಲಿಯೇ. ಕವಣೆಯನ್ನು ತಿರುಗಿಸಿ ಹಗ್ಗದ ಒಂದು ತುದಿಯನ್ನು ಬಿಟ್ಟಾಗ ಕಲ್ಲು ವೃತ್ತದಲ್ಲಿ ತಿರುಗದೆ ನೆಟ್ಟಗೆ ಹಾರಿಹೋಗುತ್ತದೆ. ಕಾರಿನ ಬಯಕೆಯೂ ಅದೇ. ಅದನ್ನು ಒಳಕ್ಕೆ ಸೆಳೆಯಲು ಬೇಕಾದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗವನ್ನು ನೂರಕ್ಕೆ 10ರಷ್ಟು ಏರಿಸಿದರೆ ಬೇಕಾಗುವ ಬಲ ನೂರಕ್ಕೆ 21ರಷ್ಟು ಏರುವುದು. ಮುಂಭಾಗವನ್ನು ಸೀಳಿನಲ್ಲಿರುವ ನಾಲಗೆ ಹಿಡಿದಿರುತ್ತದೆ. ಹಿಂಭಾಗಕ್ಕೆ ಮಾತ್ರ ಟೈರಿನ ಘರ್ಷಣೆಯೊಂದೇ ಆಸರೆ. ಆದುದರಿಂದ ವೇಗ ಮಿತಿಮೀರುತ್ತ ಬಂದಂತೆ ಮೊದಲು ಕಾರಿನ ಬಾಲ ಹೊರಕ್ಕೆ ಜಾರುತ್ತದೆ, ಆಮೇಲೆ ನಾಲಗೆ ಓರೆಯಾಗಿ ಮೇಲೆದ್ದು ಸೀಳಿನಿಂದ ಕಳಚಿಕೊಳ್ಳುತ್ತದೆ, ಕಾರು ಮೇಜಿನ ಅಂಚನ್ನು ದಾಟಿ ಗೋಡೆಗೆ ಬಡಿಯುತ್ತದೆ. ಸೀಳು ದಾರಿಯನ್ನು ತೋರಿಸುತ್ತದೆಯೇ ಹೊರತು ಕಾರನ್ನು ಹಿಡಿದಿಡುವುದಿಲ್ಲ ಎಂಬುದು ಆಗ ಮನವರಿಕೆಯಾಗುವುದು. ನುರಿತ ಆಟಗಾರನು ಬಾಲ ಜಾರುವ ಮೊದಲ ಸೂಚನೆಯನ್ನು ಕಂಡು ಕುದುರೆಯನ್ನು ಕೂದಲೆಳೆಯಷ್ಟು ಸಡಿಲಿಸುತ್ತಾನೆ.

ಈ ಪುಟ್ಟ ಕಾರುಗಳು ತಿರುವಿನಲ್ಲಿ ನಂಬಲಾಗದಷ್ಟು ಬಿರುಸಾಗಿ ಓಡುವಂತೆ ಕಾಣುತ್ತವೆ. ಇದು ಕಣ್ಣಿನ ಭ್ರಮೆಯಲ್ಲ. ಕಾರನ್ನು ಕಿರಿದುಗೊಳಿಸಬಹುದು, ಭೂಮಿಯ ಸೆಳೆತವನ್ನು ಕಿರಿದುಗೊಳಿಸಲಾಗದು ಎಂಬುದೇ ಇದಕ್ಕೆ ಕಾರಣ. ಟೈರಿನ ಘರ್ಷಣೆಯ ಬಲವು ಹೆಚ್ಚೆಂದರೆ ಕಾರಿನ ತೂಕದಷ್ಟಿರಬಹುದೆಂದು ಇಟ್ಟುಕೊಳ್ಳೋಣ. 32 ಮೀಟರ್ ತ್ರಿಜ್ಯದ ತಿರುವಿನಲ್ಲಿ ನಿಜವಾದ ಕಾರು ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಹೋಗಬಹುದು. ಅದೇ ತಿರುವು ನಮ್ಮ ಮೇಜಿನ ಮೇಲೆ ಒಂದು ಮೀಟರ್ ತ್ರಿಜ್ಯದ್ದು. ಅಲ್ಲಿ ಪುಟ್ಟ ಕಾರಿನ ಮಿತಿ ಗಂಟೆಗೆ ಸುಮಾರು 11 ಕಿಲೋಮೀಟರ್. 64ನ್ನು 32ರಿಂದ ಭಾಗಿಸಿದರೆ ಬರುವುದು ಎರಡೇ ಅಲ್ಲವೇ? ಆದರೆ ತಿರುವಿನ ವೇಗದ ಮಿತಿಯು ತ್ರಿಜ್ಯದ ವರ್ಗಮೂಲದಂತೆ ಇಳಿಯುವುದರಿಂದ ಅದು 32ರಲ್ಲಿ ಒಂದು ಪಾಲಾಗದೆ, ಸುಮಾರು ಐದೂಮುಕ್ಕಾಲರಲ್ಲಿ ಒಂದು ಪಾಲಾಯಿತು. ಕಾರಿನ ಅಳತೆಗೆ ಹೋಲಿಸಿ ಹೇಳುವುದಾದರೆ ಅದು ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ತಿರುವನ್ನು ದಾಟಿದಂತೆ! ತಯಾರಕರು ಪೆಟ್ಟಿಗೆಯ ಮೇಲೆ ಇಂಥ ಅಂಕಿಗಳನ್ನು ಮುದ್ರಿಸಿದಾಗ ಹುಬ್ಬೇರಿಸುವ ಅಗತ್ಯವಿಲ್ಲ. ಗೆದ್ದಿರುವುದು ಕಾರಲ್ಲ, ಗಣಿತ.

ಘರ್ಷಣೆಯೊಂದೇ ಸಾಲದೆಂದು ಕಾರಿನ ಅಡಿಯಲ್ಲಿ ಒಂದು ಅಯಸ್ಕಾಂತವನ್ನು ಇಡುವ ಪದ್ಧತಿ ಬಂದಿತು. ದಾರಿಯ ಪಟ್ಟಿಗಳು ಉಕ್ಕಿನವಾದುದರಿಂದ ಅದು ಕಾರನ್ನು ಕೆಳಕ್ಕೆ ಸೆಳೆದು, ತೂಕವನ್ನು ಹೆಚ್ಚಿಸದೆಯೇ ಟೈರಿನ ಹಿಡಿತವನ್ನು ಹೆಚ್ಚಿಸುವುದು. ಮಕ್ಕಳಿಗೆ ಇದರಿಂದ ಅನುಕೂಲವುಂಟು. ಕಾರು ಸುಲಭವಾಗಿ ಹಾರುವುದಿಲ್ಲ. ಆದರೆ ಅಯಸ್ಕಾಂತದ ಸೆಳೆತವು ದೂರ ಹೆಚ್ಚಿದಂತೆ ಬಲು ಬೇಗ ಕುಗ್ಗುವ ಗುಣವುಳ್ಳದ್ದು. ಕಾರು ಕೊಂಚ ಪಕ್ಕಕ್ಕೆ ಸರಿದು ಅಯಸ್ಕಾಂತ ಪಟ್ಟಿಯಿಂದ ದೂರವಾಯಿತೋ, ಹಿಡಿತವೆಲ್ಲ ಒಮ್ಮೆಗೇ ಮಾಯ. ಬಾಲ ಜಾರುವ ಮುನ್ಸೂಚನೆಯೇ ಇಲ್ಲ. ಆದುದರಿಂದ ಅನೇಕ ಕೂಟಗಳಲ್ಲಿ ಅಯಸ್ಕಾಂತವನ್ನು ತೆಗೆದಿಟ್ಟು ಆಡುವ ನಿಯಮವಿದೆ. ವೇಗ ಕಡಿಮೆಯಾಗುತ್ತದೆ, ನಿಜ; ಆದರೆ ಕೈಚಳಕಕ್ಕೆ ಎಡೆ ದೊರೆಯುತ್ತದೆ. ನಮ್ಮ ಮತವೂ ಅವರ ಕಡೆಗೇ.

ವೇಗದ ಬೆನ್ನು ಹತ್ತುವುದರಿಂದ ಈ ಆಟವು ಏನಾಗಬಹುದೆಂಬುದಕ್ಕೆ ಅಮೆರಿಕದಲ್ಲಿ ಒಂದು ಉದಾಹರಣೆ ನಡೆದುಹೋಗಿದೆ. 1960ರ ದಶಕದ ನಡುಭಾಗದಲ್ಲಿ ಅಲ್ಲಿನ ಊರೂರುಗಳಲ್ಲಿ ಬಾಡಿಗೆಯ ಪಂದ್ಯಶಾಲೆಗಳು ತೆರೆದವು. ಎಂಟು ಸೀಳುಗಳ ಭಾರಿ ದಾರಿಗಳು. ಗಂಟೆಗಿಷ್ಟೆಂದು ಹಣ ತೆತ್ತು ಹುಡುಗರು ತಮ್ಮ ಕಾರುಗಳನ್ನು ತಂದು ಓಡಿಸುತ್ತಿದ್ದರು. ಕೆಲವರು ಮೋಟಾರಿನ ಸುರುಳಿಯನ್ನು ಬಿಚ್ಚಿ ದಪ್ಪ ತಂತಿಯಿಂದ ಸುತ್ತಿದರು, ಸ್ಪಂಜಿನ ಟೈರುಗಳನ್ನು ಹಾಕಿದರು, ಕಾಗದದಂತೆ ತೆಳುವಾದ ಪ್ಲಾಸ್ಟಿಕ್ಕಿನ ಮೈಯನ್ನು ಹೊದಿಸಿದರು. ಕಾರುಗಳು ಕಾರುಗಳ ಹೋಲಿಕೆಯನ್ನೇ ಕಳೆದುಕೊಂಡು, ಕಣ್ಣಿಗೆ ನಿಲುಕದ ವೇಗವನ್ನು ಪಡೆದವು. ಪೆಟ್ಟಿಗೆಯಿಂದ ತೆಗೆದ ಸಾಮಾನ್ಯ ಕಾರನ್ನು ಹಿಡಿದು ಬಂದ ಹುಡುಗನಿಗೆ ಗೆಲ್ಲುವ ಮಾತಿರಲಿ, ಜೊತೆಯಲ್ಲಿ ಓಡುವುದೂ ಸಾಧ್ಯವಾಗಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಹೆಚ್ಚಿನ ಪಂದ್ಯಶಾಲೆಗಳು ಬಾಗಿಲು ಹಾಕಿದ್ದವು. ಅಂಗಡಿಗಳು ಮಿತಿಮೀರಿ ಹೆಚ್ಚಿದ್ದೂ ಇದಕ್ಕೆ ಕಾರಣವಿರಬಹುದು. ಆದರೆ ಹೊಸಬರನ್ನು ಓಡಿಸಿಬಿಟ್ಟ ಆಟ ಹೇಗೆ ತಾನೇ ಬದುಕೀತು? ಅದು ಉಳಿದುಕೊಂಡುದು ಮನೆಗಳಲ್ಲಿ, ಸಣ್ಣ ಕೂಟಗಳಲ್ಲಿ, ಬೆರಳೆಣಿಕೆಯ ಶಾಲೆಗಳಲ್ಲಿ.

ಆದುದರಿಂದ ಗೆಳೆಯರು ಸೇರಿ ಆಡುವಾಗ ಮೊದಲು ಯೋಚಿಸಬೇಕಾದುದು ವೇಗವನ್ನಲ್ಲ, ಸಮತೆಯನ್ನು. ಎಲ್ಲರಿಗೂ ಒಂದೇ ಬಗೆಯ ಮೋಟಾರು, ಒಂದೇ ಬಗೆಯ ಟೈರು ಎಂದು ಗೊತ್ತುಮಾಡಿಕೊಂಡರೆ ಅರ್ಧ ಜಗಳ ತಪ್ಪಿತು. ಉಳಿದರ್ಧ ದಾರಿಯಲ್ಲಿದೆ. ಅಕ್ಕಪಕ್ಕದ ಎರಡು ಸೀಳುಗಳ ನಡುವೆ 8 ಸೆಂಟಿಮೀಟರ್ ಅಂತರವಿದೆಯೆನ್ನೋಣ. ದಾರಿಯು ಒಂದು ಸುತ್ತಿನ ಬಳಸಾಗಿದ್ದರೆ ಹೊರಗಿನವನು ಪ್ರತಿ ಸುತ್ತಿಗೂ ಸುಮಾರು 50 ಸೆಂಟಿಮೀಟರ್ ಹೆಚ್ಚು ಓಡಬೇಕು. ಚಮತ್ಕಾರವೆಂದರೆ, ದಾರಿಯು 4 ಮೀಟರ್ ಉದ್ದವಿರಲಿ 40 ಮೀಟರ್ ಉದ್ದವಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಅದು ಅಂತರವನ್ನು ಎರಡು 'ಪೈ'ಗಳಿಂದ ಗುಣಿಸಿದ ಮೊತ್ತ, ಅಷ್ಟೆ. ನಡುವೆ ಎಷ್ಟು ಅಂಕುಡೊಂಕುಗಳನ್ನು ಸೇರಿಸಿದರೂ ಎಡತಿರುವು ಬಲತಿರುವುಗಳು ಒಂದನ್ನೊಂದು ಕಳೆದು ಕೊನೆಗೆ ಉಳಿಯುವುದು ಒಂದು ಪೂರ್ಣ ಸುತ್ತು. 50 ಸುತ್ತುಗಳ ಪಂದ್ಯದಲ್ಲಿ ಇದು 25 ಮೀಟರಾಯಿತು. ದಾರಿಯನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ಒಂದು ಕಡೆ ಒಂದರ ಮೇಲೊಂದು ದಾಟುವ ಹಾಗೆ ಜೋಡಿಸಿದರೆ ವ್ಯತ್ಯಾಸ ಸೊನ್ನೆಯಾಗುತ್ತದೆ. ಒಂದು ಕುಣಿಕೆಯಲ್ಲಿ ಒಳಗಿದ್ದವನು ಇನ್ನೊಂದರಲ್ಲಿ ಹೊರಗಾಗುವನು. ಇದನ್ನು ಒಂದು ಹಾಳೆಯ ಮೇಲೆ ಬರೆದು ನೋಡುವುದು ವಾಚಕರಿಗೆ ಬಿಟ್ಟದ್ದು.

ಇತ್ತೀಚಿನ ದಾರಿಗಳಲ್ಲಿ ಕಾರಿಗೊಂದು ಚಿಪ್ಪನ್ನು ಅಳವಡಿಸಿ, ಒಂದೇ ಸೀಳಿನಲ್ಲಿ ಹಲವು ಕಾರುಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸುವ, ಗುಂಡಿಯೊತ್ತಿ ಸೀಳನ್ನು ಬದಲಾಯಿಸುವ ಡಿಜಿಟಲ್ ವ್ಯವಸ್ಥೆಯೂ ಬಂದಿದೆ. ಅದರ ಕಥೆಯೇ ಬೇರೆ, ಇನ್ನೊಮ್ಮೆ ಹೇಳಬಹುದು.

ದಾರಿ ಉದ್ದವಾದಂತೆ ಇನ್ನೊಂದು ತೊಡಕು ಕಾಣಿಸಿಕೊಳ್ಳುವುದು. ಪ್ರವಾಹವು ಉಕ್ಕಿನ ಪಟ್ಟಿಗಳನ್ನೂ ಹತ್ತಾರು ಕೀಲುಗಳನ್ನೂ ಹಾದು ಬರುವಾಗ ಒತ್ತಡ ಇಳಿದು, ದೂರದ ತುದಿಯಲ್ಲಿ ಕಾರು ಸೊರಗುತ್ತದೆ. ದಾರಿಯ ಅಡಿಯಲ್ಲಿ ತಾಮ್ರದ ತಂತಿಗಳನ್ನು ಎಳೆದು ಎದುರು ಬದಿಯ ಪಟ್ಟಿಗಳಿಗೂ ನೇರವಾಗಿ ಪ್ರವಾಹವನ್ನು ಮುಟ್ಟಿಸಿದರೆ ಸರಿಹೋಗುವುದು. ಪಟ್ಟಿಗಳನ್ನು ಒಣಬಟ್ಟೆಯಿಂದ ಒರೆಸುವುದನ್ನೂ ಜಡೆಗಳ ಎಳೆಗಳನ್ನು ನೇರಗೊಳಿಸುವುದನ್ನೂ ಮರೆಯಬಾರದು. ಮೋಟಾರು ಕೆಟ್ಟಿತೆಂದು ಬಿಚ್ಚಿಟ್ಟ ಎಷ್ಟೋ ಕಾರುಗಳಲ್ಲಿ ಕೆಟ್ಟಿರುವುದು ಜಡೆಗೆ ಹತ್ತಿದ ಧೂಳು ಮಾತ್ರ.

ಎರಡು ಸೀಳುಗಳ ದಾರಿ, ನಾಲ್ವರು ಗೆಳೆಯರು ಎಂದಿಟ್ಟುಕೊಳ್ಳೋಣ. ಇಬ್ಬರು ಓಡಿಸುವಾಗ ಉಳಿದಿಬ್ಬರು ಸುಮ್ಮನೆ ಕೂರುವಂತಿಲ್ಲ. ಅವರು ತಿರುವುಗಳ ಬಳಿ ನಿಂತು, ಹಾರಿಬಿದ್ದ ಕಾರನ್ನು ಎತ್ತಿ ಅದರದೇ ಸೀಳಿನಲ್ಲಿ ಇಡಬೇಕು; ಇವರಿಗೆ ಮಾರ್ಷಲ್ ಎಂದು ಹೆಸರು. ಬಿದ್ದ ಕಾರು ಎಷ್ಟು ಹೊತ್ತಿನಲ್ಲಿ ಮತ್ತೆ ಓಡೀತೆಂಬುದು ಮಾರ್ಷಲನ ಕೈಯಲ್ಲಿದೆ, ಮತ್ತು ಆ ಕಾರು ಅವನು ಮುಂದಿನ ಸರದಿಯಲ್ಲಿ ಎದುರಿಸಬೇಕಾದವನದೇ ಆಗಿರುತ್ತದೆ. ನಾಲ್ವರಲ್ಲಿ ಆರು ಜೋಡಿಗಳಾಗುತ್ತವೆ. ಪ್ರತಿ ಜೋಡಿಯೂ ಸೀಳುಗಳನ್ನು ಅದಲುಬದಲು ಮಾಡಿ ಎರಡೆರಡು ಸಲ ಓಡಬೇಕಾದುದರಿಂದ ಒಟ್ಟು 12 ಪಂದ್ಯಗಳು. ಒಂದೊಂದಕ್ಕೆ ಮೂರು ನಿಮಿಷದಂತೆ 36 ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಆ ವೇಳೆಗೆ ಪ್ರತಿಯೊಬ್ಬನೂ ಆರು ಸಲ ಕಾರನ್ನು ಓಡಿಸಿ, ಆರು ಸಲ ತಿರುವಿನಲ್ಲಿ ನಿಂತು ಇತರರ ಕಾರುಗಳನ್ನು ಎತ್ತಿಟ್ಟಿರುತ್ತಾನೆ.