ಹಳೆಯ ಹೊನ್ನಿನ ನಾಣ್ಯಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ಪ್ರಾಂತದ ಹಳೆಯ ಮನೆತನಗಳಲ್ಲಿ ಅಜ್ಜಿಯ ಪುತಳಿಸರವು ಮೊಮ್ಮಗಳ ಲಗ್ನದ ಕಾಲಕ್ಕೆ ಅಕ್ಕಸಾಲಿಗನ ಮೂಸೆಗೆ ಹೋಗುವದು ಹೊಸ ಸಂಗತಿಯಲ್ಲ. ತೂಕಕ್ಕೆ ತೂಕ ಬಂಗಾರ ಬಂದರೆ ಎಲ್ಲರೂ ತೃಪ್ತರಾಗುವರು. ಆದರೆ ಆ ಸರದಲ್ಲಿ ನಿಜವಾದ ಪುರಾತನ ನಾಣ್ಯವೊಂದಿದ್ದರೆ, ಕಳೆದುಹೋದದ್ದು ಎಷ್ಟೆಂಬುದನ್ನು ತಕ್ಕಡಿಯು ಹೇಳಲಾರದು. ಈ ವಿಷಯವಾಗಿ ನಾಲ್ಕು ಮಾತುಗಳನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಅರಿಕೆ ಮಾಡಿಕೊಳ್ಳುವೆವು.

ನಾಣ್ಯವು ದುರ್ಲಭವಾಗುವದು ಕೇವಲ ಹಳೆಯದಾದುದರಿಂದಲ್ಲ. ಅದರ ಜೊತೆಯವು ಕರಗಿಹೋದುದರಿಂದ. ಅಮೇರಿಕ ದೇಶದ ಇಪ್ಪತ್ತು ಡಾಲರಿನ ಬಂಗಾರದ ನಾಣ್ಯವು ಇದಕ್ಕೆ ಒಳ್ಳೇ ದೃಷ್ಟಾಂತವು. 1933ರಲ್ಲಿ ಅಲ್ಲಿಯ ಟಂಕಸಾಲೆಯಲ್ಲಿ ಇಂಥ 4,45,500 ನಾಣ್ಯಗಳು ಸಿದ್ಧವಾದವು. ಆದರೆ ಅದೇ ವರ್ಷ ಅಧ್ಯಕ್ಷ ರೂಜ್ವೆಲ್ಟರು, ಪ್ರಜೆಗಳು ತಮ್ಮ ಬಂಗಾರದ ನಾಣ್ಯಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂದು ಆಜ್ಞೆ ಮಾಡಿದರು. ಹೊಸ ನಾಣ್ಯಗಳು ಚಲಾವಣೆಗೆ ಬಾರದೆ ಬಹುಶಃ ಎಲ್ಲವೂ ಕರಗಿಸಲ್ಪಟ್ಟವು. ಹೇಗೋ ಉಳಿದ ಕೆಲವುಗಳಲ್ಲಿ ಒಂದು 2021ರಲ್ಲಿ ನ್ಯೂಯಾರ್ಕಿನ ಲಿಲಾವಿನಲ್ಲಿ 1 ಕೋಟಿ 88 ಲಕ್ಷ ಡಾಲರುಗಳನ್ನು ಮೀರಿದ ಬೆಲೆಗೆ ಹೋಯಿತು. ಅದರ ತೂಕವೋ 33 ಗ್ರಾಮಿಗೆ ತುಸು ಹೆಚ್ಚು ಮಾತ್ರ!

ನಮ್ಮ ನಾಡಿನ ನಾಣ್ಯಗಳ ಕಥೆಯೂ ಇದೇ ಬಗೆಯದು. ಗದ್ಯಾಣ, ಹೊನ್ನು, ವರಹ ಎಂಬ ಹೆಸರುಗಳು ಇಂದಿಗೂ ನಮ್ಮ ಕಿವಿಯಲ್ಲಿವೆ. ವರಹವೆಂಬ ಹೆಸರು ಚಾಲುಕ್ಯರ ಲಾಂಛನವಾದ ವರಾಹದಿಂದ ಬಂದುದೆನ್ನುವರು. ಬಾದಾಮಿಯ ಗುಹೆಗಳಲ್ಲಿ ಆ ಮೂರ್ತಿಯನ್ನು ನಮ್ಮಲ್ಲಿ ನೋಡದವರು ವಿರಳ. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದ ವಾರ್ತೆಯನ್ನು ಕನ್ನಡ ಅಕ್ಷರಗಳಲ್ಲಿಯೇ ತನ್ನ ನಾಣ್ಯದ ಮೇಲೆ ಒತ್ತಿಸಿದನು. ವಿಜಯನಗರದ ಕೃಷ್ಣದೇವರಾಯನ ವರಹದಲ್ಲಿ ಬಾಲಕೃಷ್ಣನು ಕುಳಿತಿರುವನು. ಹೈದರಲ್ಲಿಯು ತನ್ನ ಹೊನ್ನಿನ ಒಂದು ಮಗ್ಗುಲಿಗೆ ಹಿಂದಿನ ಶಿವಪಾರ್ವತಿಯರನ್ನೇ ಉಳಿಸಿ, ಇನ್ನೊಂದಕ್ಕೆ ತನ್ನ ಹೆಸರಿನ ಪಾರಸೀ ಅಕ್ಷರವನ್ನು ಹಾಕಿಸಿದನು. ಸುಮಾರು 3.4 ಗ್ರಾಮಿನ ಬಿಲ್ಲೆಯಲ್ಲಿ ಇಷ್ಟು ಇತಿಹಾಸವಡಗಿರುವದು. 1818ರಲ್ಲಿ ಕಂಪನಿಯು ಮದರಾಸ ಇಲಾಖೆಯಲ್ಲಿ ರೂಪಾಯಿಯನ್ನೇ ಮುಖ್ಯ ನಾಣ್ಯವಾಗಿ ಗೊತ್ತುಮಾಡಿ, ವರಹಕ್ಕೆ ಮೂರೂವರೆ ರೂಪಾಯಿಯ ದರ ಕಟ್ಟಿತು. ಪೇಟೆಯಲ್ಲಿ ಮಾನ ತಪ್ಪಿದ ವರಹಗಳು ಕರಗಿ ಬಳೆ ಸರಗಳಾದವು.

ಆ ಕಾಲದಲ್ಲಿಯೇ ನಮ್ಮ ಸೀಮೆಯಲ್ಲಿ ಇವನ್ನು ಆದರದಿಂದ ಕೂಡಿಸಿದವರು ವಾಲ್ಟರ್ ಎಲಿಯಟ್ ಸಾಹೇಬರು. 1824ರ ಕಿತ್ತೂರ ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆ ಹೊಂದಿದ ಈ ಅಧಿಕಾರಿಯು, ಧಾರವಾಡ ಪ್ರಾಂತದ ಶಿಲಾಶಾಸನಗಳ ನಕಲುಗಳನ್ನೂ ಹಳೆಯ ನಾಣ್ಯಗಳನ್ನೂ ಸಂಗ್ರಹಿಸಿ, ಕಣ್ಣು ಮಂದವಾದ ಮುಪ್ಪಿನಲ್ಲಿ ದಕ್ಷಿಣ ಹಿಂದುಸ್ತಾನದ ನಾಣ್ಯಗಳನ್ನು ಕುರಿತು ಗ್ರಂಥ ಬರೆದರು.

ಇನ್ನು ಪುತಳಿಯ ಮಾತು. ಇದು ಇಟಲಿಯ ವೆನಿಸ್ ನಗರದ ಡುಕಾಟ್ ನಾಣ್ಯಕ್ಕೆ ನಮ್ಮವರಿಟ್ಟ ಹೆಸರು. ವ್ಯಾಪಾರದ ಹಡಗುಗಳಲ್ಲಿ ಬಂದ ಈ ನಾಣ್ಯದ ಮೇಲೆ ನಿಂತಿರುವ ಸಂತ ಮಾರ್ಕನೂ, ಅವನ ಮುಂದೆ ಮೊಣಕಾಲೂರಿದ ವೆನಿಸಿನ ಅಧಿಪತಿಯೂ ಇರುವರು. ನಮ್ಮ ಅಕ್ಕಸಾಲಿಗರು ಆ ಅಚ್ಚನ್ನು ಅನುಕರಿಸಿ ತೆಳುವಾದ ಬಿಲ್ಲೆಗಳನ್ನು ಮಾಡುತ್ತ ಬಂದುದರಿಂದ ಸರಗಳಲ್ಲಿ ಕಾಣುವವು ಬಹುತರ ಅನುಕರಣಗಳೇ. ನಿಜವಾದುದು ಸುಮಾರು ಮೂರೂವರೆ ಗ್ರಾಮು ತೂಗುವದು.

ಆದುದರಿಂದ ಕೆಲವು ಸೂಚನೆಗಳು. ಹಳೆಯ ನಾಣ್ಯವನ್ನು ಹುಣಸೆಹುಳಿಯಿಂದಾಗಲಿ ಬೂದಿಯಿಂದಾಗಲಿ ತಿಕ್ಕಬಾರದು. ತಿಕ್ಕಿದರೆ ಅಕ್ಷರಗಳು ಸವೆಯುವವು. ಹೊಸದಾಗಿ ತೂತು ಕೊರೆಯಿಸಬಾರದು, ಕೊಂಡಿಯನ್ನು ಬೆಸೆಯಿಸಬಾರದು. ಸಂಗ್ರಾಹಕರ ದೃಷ್ಟಿಯಲ್ಲಿ ಇವುಗಳಿಂದ ಬೆಲೆ ಇಳಿಯುವದು. ಕರಗಿಸುವ ಮುನ್ನ ತೂಕವನ್ನು ಬರೆದಿಟ್ಟು, ಎರಡೂ ಮಗ್ಗುಲುಗಳ ಚಿತ್ರ ತೆಗೆಯಿಸಿ ಬಲ್ಲವರಿಗೆ ತೋರಿಸಬೇಕು. ಹೊಲದಲ್ಲಿಯೋ ಹಳೆಯ ಗೋಡೆಯ ತಳದಲ್ಲಿಯೋ ನಿಧಿ ದೊರೆತರೆ ಅದನ್ನು ಅಧಿಕಾರಿಗಳಿಗೆ ತಿಳಿಸುವದು ಕಾಯದೆಯಂತೆ ಕರ್ತವ್ಯವು. ನೂರು ವರುಷ ದಾಟಿದ ನಾಣ್ಯವನ್ನು ಖಾಸಗಿಯವರು ಪರದೇಶಕ್ಕೆ ಕಳಿಸುವದು 1972ರ ಕಾಯದೆಯಿಂದ ನಿಷಿದ್ಧವಾಗಿದೆ.

ಒಡವೆಯು ಸ್ತ್ರೀಧನವು, ಅದನ್ನು ಕಾಯುವವರೂ ಮುರಿಸುವವರೂ ಬಹುಮಟ್ಟಿಗೆ ಹೆಣ್ಣುಮಕ್ಕಳೇ. ಲಗ್ನಕ್ಕಾಗಿ ಬಂಗಾರ ಬೇಕಾದಾಗ ಬಿಡಿ ಒಡವೆಗಳನ್ನು ಮುರಿಸಲು ಅಡ್ಡಿಯಿಲ್ಲ. ಆದರೆ ಒಮ್ಮೆ ಕರಗಿದ ನಾಣ್ಯವನ್ನು ಯಾವ ಟಂಕಸಾಲೆಯೂ ಮರಳಿ ಕೊಡಲಾರದು. ಸಾಲೆಯಲ್ಲಿ ಅಕ್ಷರ ಕಲಿತ ನಮ್ಮ ಮಕ್ಕಳು, ಮೂಸೆಗೆ ಹಾಕುವ ಮುನ್ನ ಆ ಬಿಲ್ಲೆಯ ಮೇಲಿನ ಅಕ್ಷರಗಳನ್ನೊಮ್ಮೆ ಓದಿ ನೋಡಲಿ ಎಂಬುದಿಷ್ಟೇ ನಮ್ಮ ಬಿನ್ನಹ.